ದುಂಡು ಮನೆಗೆ ಗೋಡೆ ಕಡಿಮೆ ಸಾಕು. ಮತ್ತೆ ಊರೆಲ್ಲ ಚೌಕ ಯಾಕೆ?

ಪ್ರಶ್ನೆ: ಅಷ್ಟೇ ಜಾಗಕ್ಕೆ ದುಂಡು ಮನೆಯಾದರೆ ಗೋಡೆ ಕಡಿಮೆ ಸಾಕಂತೆ. ಹಾಗಿದ್ದರೂ ನಗರಗಳಲ್ಲಿ ಅಂಥ ಮನೆಗಳು ಅಪರೂಪ ಏಕೆ?

ಮಾತು ನಿಜವೇ. 100 ಚದರ ಮೀಟರ್ ಒಳಜಾಗಕ್ಕೆ ಚೌಕ ಮನೆಯ ಸುತ್ತಳತೆ 40 ಮೀಟರ್, ದುಂಡು ಮನೆಯದು ಸುಮಾರು 35.5. ನೂರಕ್ಕೆ ಹನ್ನೊಂದರಷ್ಟು ಗೋಡೆ ಉಳಿಯಿತು. ಆದರೆ ಅದೇ ವೃತ್ತವನ್ನು ಚೌಕ ಸೈಟಿನಲ್ಲಿ ಕೂರಿಸಿ ನೋಡಿ: ನಾಲ್ಕು ಮೂಲೆ ಸೇರಿ ನೂರಕ್ಕೆ 21ಕ್ಕೂ ಹೆಚ್ಚು ನೆಲ ಹೊರಗುಳಿಯುತ್ತದೆ. ಅಡಿ ಲೆಕ್ಕದಲ್ಲಿ ನೆಲ ಕೊಳ್ಳುವ ಊರಿನಲ್ಲಿ ಗೋಡೆಯ ಉಳಿತಾಯ ಇಲ್ಲೇ ಕರಗಿತು.

ಒಳಗಿನ ತಾಪತ್ರಯವೆಲ್ಲ ತ್ರಿಜ್ಯದ್ದು. ಇದೇ ಮನೆಯ ಗೋಡೆಗೆ (ತ್ರಿಜ್ಯ 5.64 ಮೀಟರ್) 2 ಮೀಟರ್ ಅಗಲದ ಬೀರು ಒತ್ತಿ ನಿಲ್ಲಿಸಿದರೆ ಎರಡು ತುದಿ ತಾಗುತ್ತವೆ, ನಡುವೆ 9 ಸೆಂ.ಮೀ. ಸಂದು. ತ್ರಿಜ್ಯ 3 ಮೀಟರಿಗೆ ಇಳಿದರೆ ಸಂದು 17 ಸೆಂ.ಮೀ. ಪೊರಕೆ ಹೋಗದು, ದೂಳು ಮಾತ್ರ ಹೋಗುತ್ತದೆ.

ಮಾಸ್ಕೋದಲ್ಲಿ ಇದಕ್ಕೆ ಕಂಡುಕೊಂಡ ದಾರಿ, ಸುತ್ತನ್ನೇ ಹಿಗ್ಗಿಸುವುದು. 1972ರಲ್ಲಿ ನೆಜಿನ್ಸ್ಕಾಯಾ ಬೀದಿಯಲ್ಲಿ ಎದ್ದ 9 ಮಹಡಿಯ ಬಳೆಯಾಕಾರದ ವಸತಿ ಕಟ್ಟಡದ ಅಡ್ಡಳತೆ ಸುಮಾರು 155 ಮೀಟರ್. ಮಾಮೂಲು ನೇರ ಕಾಂಕ್ರೀಟ್ ಪ್ಯಾನೆಲ್‌ಗಳನ್ನೇ ಸುಮಾರು 6 ಡಿಗ್ರಿಯಷ್ಟು ತಿರುಗಿಸುತ್ತ ಜೋಡಿಸಿದ್ದು. ಅಷ್ಟು ದೊಡ್ಡ ಸುತ್ತಿನಲ್ಲಿ ಒಂದು ಕೋಣೆಯ ಪಾಲಿಗೆ ಬರುವ ಬಾಗು ತೀರಾ ಅಲ್ಪ. ಶಿಕಾಗೋದ ಮರೀನಾ ಸಿಟಿ ಎಂಬ ದುಂಡು ವಸತಿ ಗೋಪುರಗಳದು ಬೇರೆ ಜಾಣತನ: ಮನೆಗಳು ಹೋಳಿನಾಕಾರ, ಸ್ನಾನದ ಮನೆ ಚೂಪಾದ ಒಳತುದಿಯ ಕಡೆ, ಹೊರಗಿನ ಅಗಲ ಬದಿಗೆ ಕೋಣೆ, ಬಾಲ್ಕನಿ.

ಇನ್ನು ಕಟ್ಟುವ ಕೆಲಸ. 2 ಮೀಟರ್ ತ್ರಿಜ್ಯದ, 23 ಸೆಂ.ಮೀ. ದಪ್ಪದ ಗೋಡೆಗೆ 11 ಸೆಂ.ಮೀ. ಅಗಲದ ಇಟ್ಟಿಗೆಯನ್ನು ತಲೆ (ಗಿಡ್ಡ ಬದಿ) ಹೊರಗೆ ಕಾಣುವಂತೆ ಇಟ್ಟು, ಒಳಗೆ 8 ಮಿ.ಮೀ. ಸಂದು ಬಿಟ್ಟರೂ ಹೊರಗೆ ಅದು 21 ಮಿ.ಮೀ. ದಾಟುತ್ತದೆ. ಅಷ್ಟು ದಪ್ಪ ಗಾರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಇಟ್ಟಿಗೆಯನ್ನು ಒಂದು ಕಡೆ ಸಣ್ಣಗೆ ಕತ್ತರಿಸಲೇಬೇಕು. ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡ ತೊಲೆ, ಅಂದರೆ ಲಿಂಟಲ್, ಬಾಗಿದ್ದರೆ ಭಾರ ಅದನ್ನು ತಿರುಚುತ್ತದೆ, ಹಾಗಾಗಿ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ಕಂಬಿ ಹೆಚ್ಚು ಬೇಕು. ಮಾಸ್ಕೋದಲ್ಲಿ 1927-29ರಲ್ಲಿ ವಾಸ್ತುಶಿಲ್ಪಿ ಮೆಲ್ನಿಕೊವ್ ತಮಗಾಗಿ ಕಟ್ಟಿಕೊಂಡ ಜೋಡಿ ಸಿಲಿಂಡರ್ ಮನೆಯಲ್ಲಿ ಕಿಟಕಿಗಳು ಆರು ಮೂಲೆಯವು: ಇಟ್ಟಿಗೆಯನ್ನೇ ವರಸೆ ವರಸೆಗೆ ಸ್ವಲ್ಪ ಮುಂದೆ ಚಾಚಿ ಕಂಡಿ ಮುಚ್ಚಿದ್ದರಿಂದ ಲಿಂಟಲ್ಲಿನ ಗೋಜೇ ಇಲ್ಲ.

ಮೇಸ್ತ್ರಿಗಳು ಎಡವುವುದು ಮಾತ್ರ ಗುರುತು ಹಾಕುವಾಗ. ಗೂಟ ಹೊಡೆದು ದಾರ ಕಟ್ಟಿದರೆ ದಾರ ಹಿಗ್ಗುತ್ತದೆ, ತಳಪಾಯ ಅಗೆಯುವಾಗ ಗೂಟ ಅಲುಗುತ್ತದೆ. ನಡುವೆ ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನೆಟ್ಟಗೆ ಹೂಳಿ, ಅದರ ಸುತ್ತ ತಿರುಗುವ, ತ್ರಿಜ್ಯದಷ್ಟೇ ಉದ್ದದ ಗಟ್ಟಿ ಕೋಲು ಸಿಕ್ಕಿಸಬೇಕು. ಪ್ರತಿ ವರಸೆಗೂ ಕೋಲನ್ನು ಮೇಲೆತ್ತಿ ಒಂದು ಸುತ್ತು ತಿರುಗಿಸಿ ನೋಡಿಯೇ ಮುಂದಿನ ಇಟ್ಟಿಗೆ. ಸೂರು ಮಟ್ಟ ಬರುವವರೆಗೂ ಆ ಪೈಪು ಕೀಳುವಂತಿಲ್ಲ.