ಹೇಂಟೆಯ ಗರಿ ತೊಟ್ಟ ಹುಂಜ: ಸೀಬ್ರೈಟ್ ಕೋಳಿ

ಹುಂಜವನ್ನು ಹೇಂಟೆಯಿಂದ ಬೇರೆಯಾಗಿ ಗುರುತಿಸಲು ಸಾಮಾನ್ಯವಾಗಿ ಗರಿಗಳೇ ಸಾಕು: ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಉದ್ದನೆಯ ಪುಕ್ಕಗಳು, ಕತ್ತಿನಲ್ಲಿ ಚೂಪಾಗಿ ಇಳಿಬಿದ್ದ ಗರಿಗಳು. ಸೀಬ್ರೈಟ್ ತಳಿಯಲ್ಲಿ ಈ ಗುರುತು ಕೈಕೊಡುತ್ತದೆ. ಇಲ್ಲಿನ ಹುಂಜ ಕೂಗುತ್ತದೆ, ಕಾದಾಡುತ್ತದೆ, ತಲೆಯ ಮೇಲೆ ದೊಡ್ಡ ಜುಟ್ಟನ್ನೂ ಹೊತ್ತಿರುತ್ತದೆ; ಆದರೆ ಅದರ ಗರಿಗಳು ಮಾತ್ರ ಹೇಂಟೆಯ ಗರಿಗಳಂತೆಯೇ ಗಿಡ್ಡ ಮತ್ತು ದುಂಡು.

ಹುಂಜವೂ ಸುಮಾರು 600 ಗ್ರಾಂ ಮಾತ್ರ ತೂಗುವ ಈ ಗಿಡ್ಡ ತಳಿಯನ್ನು ರೂಪಿಸಿದವರು ಇಂಗ್ಲೆಂಡಿನ ಸರ್ ಜಾನ್ ಸಾಂಡರ್ಸ್ ಸೀಬ್ರೈಟ್ (1767–1846). ಪಾರ್ಲಿಮೆಂಟಿನ ಸದಸ್ಯರಾಗಿದ್ದ ಅವರು ಸಾಕುಪ್ರಾಣಿಗಳ ತಳಿ ಸುಧಾರಣೆಯ ಬಗ್ಗೆ 1809ರಲ್ಲಿ ಕಿರುಹೊತ್ತಿಗೆಯೊಂದನ್ನು ಪ್ರಕಟಿಸಿದರು. ಪಾರಿವಾಳಗಳಲ್ಲಿ ಬೇಕೆಂದ ಗರಿಯನ್ನು ಮೂರು ವರ್ಷಗಳಲ್ಲಿ ತರಬಲ್ಲೆ, ತಲೆ ಮತ್ತು ಕೊಕ್ಕಿಗೆ ಆರು ವರ್ಷ ಬೇಕು ಎಂಬ ಅವರ ಮಾತನ್ನು ಡಾರ್ವಿನ್ ಉಲ್ಲೇಖಿಸಿದ್ದಾರೆ. ಬಂಗಾರದ ಅಥವಾ ಬೆಳ್ಳಿಯ ಬಣ್ಣದ ಪ್ರತಿಯೊಂದು ಗರಿಯ ಸುತ್ತಲೂ ತೆಳುವಾದ ಕಪ್ಪು ಅಂಚಿರುವ ಈ ಕೋಳಿಯನ್ನು ನೋಡಿದವರಿಗೆ ಆ ಮಾತು ಬಡಾಯಿ ಎನಿಸಲಾರದು.

ಹುಂಜಕ್ಕೆ ಹೇಂಟೆಯ ಗರಿ ಏಕೆ? ಕೋಳಿಗಳಲ್ಲಿ ಹುಂಜದ ಗರಿ ಮೂಡಲು ಗಂಡು ಹಾರ್ಮೋನು ಬೇಕಿಲ್ಲ. ಅಂಡಾಶಯವನ್ನು ತೆಗೆದ ಹೇಂಟೆಗೂ ಹುಂಜದ ಪುಕ್ಕ ಬರುತ್ತದೆ. ಹೇಂಟೆಯ ಗರಿಗೆ ರೂಪ ಕೊಡುವುದು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು. ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಸೀಬ್ರೈಟ್ ಹುಂಜಗಳ ವೃಷಣಗಳನ್ನು ತೆಗೆದಾಗ, ಹೊಸದಾಗಿ ಹುಟ್ಟಿದ ಗರಿಗಳು ಬೇರೆ ತಳಿಯ ಹುಂಜಗಳ ಗರಿಗಳಂತೆ ಉದ್ದವಾಗಿದ್ದವು. ಹಾಗೆಂದ ಮಾತ್ರಕ್ಕೆ ಈ ವೃಷಣಗಳೇ ವಿಚಿತ್ರ ಎಂದು ಹೇಳುವಂತಿರಲಿಲ್ಲ, ಏಕೆಂದರೆ ಅವನ್ನು ಬೇರೆ ತಳಿಯ ಹುಂಜಕ್ಕೆ ಕಸಿ ಮಾಡಿದರೆ ಅಲ್ಲಿ ಹೇಂಟೆಯ ಗರಿ ಮೂಡುವುದಿಲ್ಲ. ವ್ಯತ್ಯಾಸವಿರುವುದು ಚರ್ಮದಲ್ಲಿ. ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಆಗಿ ಬದಲಿಸುವ ಅರೋಮಟೇಸ್ ಎಂಬ ಕಿಣ್ವವು ಬೇರೆ ಕೋಳಿಗಳಲ್ಲಿ ಮುಖ್ಯವಾಗಿ ಅಂಡಾಶಯದಲ್ಲಿ ತಯಾರಾದರೆ, ಸೀಬ್ರೈಟ್‌ನಲ್ಲಿ ಚರ್ಮದಲ್ಲಿಯೂ ಹೇರಳವಾಗಿ ತಯಾರಾಗುತ್ತದೆ. ವೃಷಣ ಕಳುಹಿಸಿದ ಹಾರ್ಮೋನು ಗರಿಯ ಬುಡದಲ್ಲೇ ಈಸ್ಟ್ರೋಜನ್ ಆಗಿಬಿಡುತ್ತದೆ.

ಈ ಕಿಣ್ವದ ಜೀನಿನ ಪಕ್ಕದಲ್ಲಿ ಎಂದೋ ಒಂದು ರೆಟ್ರೊವೈರಸ್ಸಿನ (ತಾನು ಹೊಕ್ಕ ಜೀವಕೋಶದ ಡಿಎನ್‌ಎಯಲ್ಲಿ ತನ್ನ ಜೀನುಗಳನ್ನು ಸೇರಿಸಿಬಿಡುವ ವೈರಸ್) ತುಣುಕು ಸೇರಿಕೊಂಡು, ಚರ್ಮದಲ್ಲಿಯೂ ಆ ಜೀನು ಕೆಲಸ ಮಾಡುವಂತೆ ಮಾಡಿದೆಯೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಚೆಂದದ ಗರಿಗಾಗಿ ಹುಂಜಗಳನ್ನು ಆರಿಸುತ್ತಿದ್ದ ಸೀಬ್ರೈಟ್, ತಮಗೆ ತಿಳಿಯದೆಯೇ ಆ ವೈರಸ್ಸಿನ ಗುರುತನ್ನೂ ಆರಿಸುತ್ತಿದ್ದರು.

ಸಾಕುವವರಿಗೆ ಇದು ಸುಲಭದ ತಳಿಯಲ್ಲ. ಮೊಟ್ಟೆಗಳು ಚಿಕ್ಕವು, ಸಂಖ್ಯೆಯೂ ಕಡಿಮೆ. ಹೇಂಟೆಗಳು ಕಾವಿಗೆ ಕೂರುವುದು ಅಪರೂಪ, ಹುಂಜಗಳ ಫಲವತ್ತತೆಯೂ ಅಷ್ಟಕ್ಕಷ್ಟೇ. ಹೀಗಾಗಿ ಇದನ್ನು ಸಾಕುವವರು ಹೆಚ್ಚಾಗಿ ಪ್ರದರ್ಶನಕ್ಕಾಗಿಯೇ ಸಾಕುತ್ತಾರೆ.