ನಾಯಿಕೆಮ್ಮು ಒಮ್ಮೆ ಬಂದು ಹೋದರೆ ಮತ್ತೆ ಬರುವುದಿಲ್ಲವೇ?

ಪ್ರಶ್ನೆ: ನಾಯಿಕೆಮ್ಮು ಒಮ್ಮೆ ಬಂದರೆ ಜೀವಮಾನದಲ್ಲಿ ಮತ್ತೆ ಬರುವುದಿಲ್ಲವಂತೆ. ಲಸಿಕೆ ಹಾಕಿಸಿಕೊಂಡವರಿಗೂ ಈಗ ಬರುತ್ತಿದೆಯಂತೆ. ಹಾಗಿದ್ದ ಮೇಲೆ ಮಗುವಿಗೆ ಲಸಿಕೆ ಏಕೆ?

ಉತ್ತರ: ಎರಡನೆಯ ಮಾತು ನಿಜ. ಮೊದಲನೆಯದು ಸುಳ್ಳು ಎಂದು ಎಷ್ಟು ಸಲ ಬರೆದರೂ ಅದು ಹೊಸ ಪತ್ರವೊಂದರಲ್ಲಿ ಮರಳಿ ಬರುತ್ತದೆ. ಆದ್ದರಿಂದ ಇನ್ನೊಮ್ಮೆ, ನಿಧಾನವಾಗಿ.

ದಡಾರದ ವಿಷಯದಲ್ಲಿ ಆ ಮಾತು ಸಲ್ಲುತ್ತದೆ. ಬಹುಶಃ ಅಲ್ಲಿಂದಲೇ ಈ ನಂಬಿಕೆ ಇಲ್ಲಿಗೆ ಬಂದಿರಬೇಕು. ಆದರೆ ದಡಾರ ವೈರಸ್‌ನಿಂದ ಬರುವ ರೋಗ. ನಾಯಿಕೆಮ್ಮು ಬೋರ್ಡೆಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾದಿಂದ. ಅದು ಶ್ವಾಸನಾಳದ ಒಳಪದರಕ್ಕೆ ಅಂಟಿಕೊಂಡು ಅಲ್ಲಿಂದಲೇ ವಿಷ ಬಿಡುತ್ತದೆ. ಇದರ ವಿರುದ್ಧ ದೇಹ ಗಳಿಸುವ ರಕ್ಷಣೆ ಕಾಲಕ್ರಮದಲ್ಲಿ ಕರಗುತ್ತದೆ: ರೋಗ ಬಂದವರಲ್ಲಿ ಸುಮಾರು 4ರಿಂದ 20 ವರ್ಷ, ಲಸಿಕೆ ಪಡೆದವರಲ್ಲಿ 4ರಿಂದ 12 ವರ್ಷ ಎಂಬ ಅಂದಾಜಿದೆ. ಎರಡೂ ಶಾಶ್ವತವಲ್ಲ. ಆದರೆ ಲಸಿಕೆಯಿಂದ ಸಾಮಾನ್ಯವಾಗಿ ಆಗುವುದು ಒಂದೆರಡು ದಿನದ ಜ್ವರ, ಚುಚ್ಚಿದಲ್ಲಿ ನೋವು. ರೋಗದಿಂದ ವಾರಗಟ್ಟಲೆ ಕೆಮ್ಮು. ಹಸುಳೆಗಳಲ್ಲಾದರೆ ನ್ಯುಮೋನಿಯಾ, ಸೆಳವು, ಕೆಲವೊಮ್ಮೆ ಸಾವು. ‘ನಮಗೆಲ್ಲ ಬಂದು ಹೋಗಿತ್ತು, ಏನೂ ಆಗಲಿಲ್ಲ’ ಎನ್ನುವವರು ಬದುಕುಳಿದವರು. ಉಳಿಯದವರು ಸಲಹೆ ಕೊಡಲು ಬರುವುದಿಲ್ಲ.

ಲಸಿಕೆ ಬಿಟ್ಟರೆ ಏನಾದೀತು ಎಂದು ಊಹಿಸಬೇಕಾಗಿಯೂ ಇಲ್ಲ. ಜಪಾನಿನಲ್ಲಿ 1974ರಲ್ಲಿ ಶೇ. 80ರಷ್ಟು ಮಕ್ಕಳಿಗೆ ಲಸಿಕೆಯಾಗುತ್ತಿತ್ತು. ಆ ವರ್ಷ 393 ಪ್ರಕರಣ, ಸಾವು ಒಂದೂ ಇಲ್ಲ. ಲಸಿಕೆಯ ನಂತರ ಇಬ್ಬರು ಹಸುಳೆಗಳು ತೀರಿಕೊಂಡ ಸುದ್ದಿಯಿಂದ ಜನ ಹೆದರಿದರು. 1976ಕ್ಕೆ ಆ ಪ್ರಮಾಣ ಶೇ. 10ಕ್ಕೆ ಕುಸಿಯಿತು. 1979ರಲ್ಲಿ ಸುಮಾರು 13 ಸಾವಿರ ಪ್ರಕರಣ, 41 ಸಾವು. ಇದಕ್ಕಿಂತ ಸ್ಪಷ್ಟವಾದ ಉತ್ತರ ನನ್ನಿಂದಂತೂ ಸಾಧ್ಯವಿಲ್ಲ.

1981ರಲ್ಲಿ ಜಪಾನ್ ಅಡ್ಡಪರಿಣಾಮ ಕಡಿಮೆಯಿರುವ, ಬ್ಯಾಕ್ಟೀರಿಯಾದ ಕೆಲವು ಅಂಶಗಳನ್ನಷ್ಟೇ ಬಳಸುವ ಲಸಿಕೆಯನ್ನು ತಂದಿತು. ಮುಂದೆ ಹಲವು ಶ್ರೀಮಂತ ದೇಶಗಳೂ ಅದಕ್ಕೆ ಬದಲಾದವು. ಅದರ ರಕ್ಷಣೆ ಹಳೆಯ ಲಸಿಕೆಗಿಂತ ಬೇಗ ಕುಗ್ಗುತ್ತದೆ. ರೋಗ ಮರುಕಳಿಸುತ್ತಿರುವುದಕ್ಕೆ ಇದೊಂದು ಕಾರಣ, ಕೋವಿಡ್ ಕಾಲದಲ್ಲಿ ತಪ್ಪಿಹೋದ ಡೋಸ್‌ಗಳು ಇನ್ನೊಂದು. 2024ರಲ್ಲಿ ಇಂಗ್ಲೆಂಡಿನಲ್ಲೇ 14 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದೃಢಪಟ್ಟವು. ಹಾಗಾಗಿಯೇ ಬೂಸ್ಟರ್ ಡೋಸ್‌ಗಳು. ಹಾಗಾಗಿಯೇ ಹಲವು ದೇಶಗಳಲ್ಲಿ ಗರ್ಭಿಣಿಯರಿಗೂ ಲಸಿಕೆ. ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ಸೇರಿ, ಅದರ ಸ್ವಂತ ಲಸಿಕೆ ಶುರುವಾಗುವವರೆಗೆ ಅದನ್ನು ಕಾಪಾಡುತ್ತವೆ.

ನೀವು ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ: ಆ್ಯಂಟಿಬಯೋಟಿಕ್ ಕೊಟ್ಟರೂ ಕೆಮ್ಮು ಏಕೆ ನಿಲ್ಲುವುದಿಲ್ಲ? ಔಷಧಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಅಷ್ಟರಲ್ಲಿ ವಿಷದಿಂದ ಹಾಳಾದ ಒಳಪದರ ಸರಿಯಾಗಲು ವಾರಗಳೇ ಬೇಕು. ಹಾಗೆಂದು ಔಷಧಿ ವ್ಯರ್ಥವಲ್ಲ. ಸರಿಯಾದ ಔಷಧಿ ಐದು ದಿನ ತೆಗೆದುಕೊಂಡ ಮೇಲೆ ರೋಗಿಯಿಂದ ಬೇರೆಯವರಿಗೆ ರೋಗ ಅಂಟುವುದಿಲ್ಲ. ನೆಗಡಿಯಂತೆ ಕಾಣುವ ಮೊದಲ ವಾರಗಳಲ್ಲೇ ಅದು ಹೆಚ್ಚು ಹರಡುವುದರಿಂದ ಬೇಗ ತೋರಿಸಬೇಕು. ಎಳೆಗೂಸುಗಳಲ್ಲಂತೂ ಕೆಮ್ಮೇ ಕಾಣಿಸದೆ ಉಸಿರು ಆಗಾಗ ನಿಲ್ಲಬಹುದು, ತುಟಿ ನೀಲಿಯಾಗಬಹುದು. ಆಗ ನನಗೆ ಪತ್ರ ಬರೆಯುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.