650 ಪದಕ್ಕೆ ಎಷ್ಟು ತಿಂಗಳು ಬೇಕು?

ಪ್ರಶ್ನೆ: ನಮ್ಮ ಮಗಳು ಮೊದಲ ಪಿಯು ಮುಗಿಸಿದ್ದಾಳೆ. ಅಮೆರಿಕದಲ್ಲಿ ಡಿಗ್ರಿ ಓದಬೇಕು ಅಂತ ಆಸೆ. ಅರ್ಜಿಯ ಜೊತೆ ಪ್ರಬಂಧವನ್ನೂ ಕೊಡಬೇಕಂತೆ. ಇಂಗ್ಲಿಷ್‌ನಲ್ಲಿ ಅವಳಿಗೆ ಒಳ್ಳೆ ಮಾರ್ಕ್ಸ್ ಬರುತ್ತದೆ. ದಸರಾ ರಜೆಯಲ್ಲಿ ಕೂತು ಬರೆದರೆ ಸಾಕಾಗುತ್ತಾ?

ಉತ್ತರ: ಸಾಕಾಗುವುದಿಲ್ಲ. ದಸರಾ ಹೊತ್ತಿಗೆ ಮುಖ್ಯ ಪ್ರಬಂಧ ಮುಗಿದಿರಬೇಕು. ಶುರು ಮಾಡಲು ಒಳ್ಳೆ ಸಮಯ ಈ ಬೇಸಿಗೆ ರಜೆ, ತಪ್ಪಿದರೆ ಜೂನ್.

ಗಾಬರಿಯಾಗಬೇಡಿ. ಕೂತು ಬರೆಯುವ ಹೊತ್ತನ್ನಷ್ಟೇ ಕೂಡಿಸಿದರೆ, ನಾನು ಕಂಡ ಮಟ್ಟಿಗೆ ಮುಖ್ಯ ಪ್ರಬಂಧಕ್ಕೆ ಇಪ್ಪತ್ತು ಗಂಟೆ ಸಾಕು. ಆದರೆ ಆ ಇಪ್ಪತ್ತು ಗಂಟೆಯನ್ನು ಎರಡು ದಿನದಲ್ಲಿ ಮುಗಿಸಲು ಬರುವುದಿಲ್ಲ. ಎರಡು ತಿಂಗಳಿಗೆ ಹಂಚಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಒಟ್ಟು ಎಷ್ಟು ಬರೆಯಬೇಕು ಅನ್ನುವುದನ್ನು ನೋಡೋಣ. ಹೆಚ್ಚಿನವರು ಎಡವುವುದು ಅಲ್ಲೇ.

ಸಾವಿರಕ್ಕೂ ಹೆಚ್ಚು ಕಾಲೇಜುಗಳು ಕಾಮನ್ ಆ್ಯಪ್ ಅನ್ನುವ ಒಂದೇ ಅರ್ಜಿಯನ್ನು ಒಪ್ಪುತ್ತವೆ. ಅದರಲ್ಲಿ ಒಂದು ಮುಖ್ಯ ಪ್ರಬಂಧ, ಗರಿಷ್ಠ 650 ಪದ. ಏಳು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಏಳನೆಯದು 'ನಿಮಗಿಷ್ಟ ಬಂದದ್ದು ಬರೆಯಿರಿ' ಅನ್ನುವ ಹಾಗಿದೆ. ಹೊಸ ಸಾಲಿನ ಅರ್ಜಿ ತೆರೆಯುವುದು ಆಗಸ್ಟ್ 1ಕ್ಕೆ. ಆದರೆ ವಿಷಯಗಳು ಅದಕ್ಕೆ ಎಷ್ಟೋ ಮೊದಲೇ ಗೊತ್ತಾಗಿರುತ್ತವೆ, ಹಾಗಾಗಿ ಆಗಸ್ಟ್‌ವರೆಗೆ ಕಾಯುವ ಕಾರಣವಿಲ್ಲ.

ಇಷ್ಟೇ ಆಗಿದ್ದರೆ ಸುಲಭವಿತ್ತು. ಅನೇಕ ಕಾಲೇಜುಗಳು ತಮ್ಮದೇ ಬೇರೆ ಪ್ರಶ್ನೆಗಳನ್ನೂ ಕೇಳುತ್ತವೆ. ಸ್ಟ್ಯಾನ್‌ಫರ್ಡ್ 250 ಪದದೊಳಗಿನ ಮೂರು ಪ್ರಬಂಧ ಕೇಳುತ್ತದೆ. ಅದರಲ್ಲಿ ಒಂದು, ಮುಂದೆ ನಿಮ್ಮ ಜೊತೆ ಒಂದೇ ರೂಮಿನಲ್ಲಿ ಇರುವವರಿಗೆ ಬರೆಯುವ ಕಾಗದ. ಚಿಕಾಗೊ ವಿಶ್ವವಿದ್ಯಾಲಯದ ಪ್ರಶ್ನೆಗಳಂತೂ ಒಗಟಿನ ಹಾಗೆ ಇರುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕಾಮನ್ ಆ್ಯಪ್ ಒಳಗೆ ಬರುವುದೇ ಇಲ್ಲ. ಅವರದು ಬೇರೆ ಅರ್ಜಿ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ, ಒಂದೊಂದೂ 350 ಪದದೊಳಗೆ. ಎಂಟು ಕಾಲೇಜಿಗೆ ಹಾಕುವ ಹುಡುಗಿ ಕೊನೆಗೆ ದೊಡ್ಡದು ಚಿಕ್ಕದು ಸೇರಿ ಹದಿನೈದು ಬರಹ ಬರೆದಿರುತ್ತಾಳೆ. ಮನೆಯವರು ಲೆಕ್ಕ ಹಾಕಿರುವುದು ಒಂದಕ್ಕೆ!

ಇನ್ನು ಎರಡು ತಿಂಗಳು ಯಾಕೆ ಅನ್ನುವುದು. ನಮ್ಮ ಮಕ್ಕಳಿಗೆ ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರಿಸರ ಮಾಲಿನ್ಯ, ಗ್ರಂಥಾಲಯದ ಮಹತ್ವ. ಅದರಲ್ಲಿ 'ನಾನು' ಅನ್ನುವ ಪದ ಬರುವುದೇ ಇಲ್ಲ, ಬಂದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಿದ್ದರು. ಇಲ್ಲಿ ಬೇಕಾಗಿರುವುದು ಆ 'ನಾನು' ಮಾತ್ರ. ಇಂಗ್ಲಿಷ್‌ನಲ್ಲಿ ಒಳ್ಳೆ ಮಾರ್ಕ್ಸ್ ತೆಗೆಯುವ ಮಕ್ಕಳಿಗೇ ಇದು ಜಾಸ್ತಿ ಕಷ್ಟ, ಯಾಕೆಂದರೆ ಹಳೆಯ ಅಚ್ಚು ಅವರ ಕೈಯಲ್ಲಿ ಚೆನ್ನಾಗಿ ಕೂತುಬಿಟ್ಟಿರುತ್ತದೆ.

ನನ್ನ ಅಣ್ಣನ ಮಗಳ ಮೊದಲ ಕರಡು 'ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ' ಅಂತ ಶುರುವಾಗಿತ್ತು. ಎರಡನೆಯದು ಕಲಾಂ ಅವರಿಂದ. ಮೂರನೆಯದರಲ್ಲಿ ಬಹುಮಾನಗಳ ಪಟ್ಟಿ, ಅದು ಹೇಗೂ ಅರ್ಜಿಯ ಇನ್ನೊಂದು ಭಾಗದಲ್ಲಿ ಇರುತ್ತದೆ. ನಾಲ್ಕನೇ ವಾರ ಒಂದು ಸಂಜೆ ಅಡುಗೆಮನೆಯಲ್ಲಿ ಸುಮ್ನೆ ಮಾತಾಡುತ್ತಾ, ಕ್ಯಾಲೆಂಡರ್ ಮೇಲಿದ್ದ ನೀಲಿ ಗುರುತುಗಳೇನು ಅಂತ ಕೇಳಿದೆ. ಅವರ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ, ಬಂದ ಹೊತ್ತು ಎರಡನ್ನೂ ಅವಳು ಎರಡು ವರ್ಷದಿಂದ ಗುರುತು ಹಾಕುತ್ತಾ ಬಂದಿದ್ದಳು. ಮುಂದಿನ ಸಲ ಯಾವಾಗ ಬರಬಹುದು ಅಂತ ಅಂದಾಜು ಮಾಡಿ ಅಕ್ಕಪಕ್ಕದ ಮನೆಗಳಿಗೆ ಹೇಳುತ್ತಿದ್ದಳು. ಅಂದಾಜು ತಪ್ಪಿದಾಗ ಬೈಗುಳವನ್ನೂ ತಿಂದಿದ್ದಳು! 'ಇದನ್ನ ಯಾಕೆ ಬರೀಲಿಲ್ಲ?' ಅಂದೆ. 'ಇದೂ ಬರೆಯೋ ವಿಷ್ಯಾನಾ ಚಿಕ್ಕಪ್ಪಾ?' ಅಂದಳು.

ಆ ಸಂಜೆ ಬರುವುದಕ್ಕೆ ನಾಲ್ಕು ವಾರ ಹಿಡಿಯಿತು. ವಿಷಯ ಸಿಕ್ಕ ಮೇಲೆ ಬರೆಯಲು ಎರಡು ಭಾನುವಾರ, ತಿದ್ದಲು ಮೂರು. ಪ್ರತಿ ಕರಡನ್ನೂ ನಾಲ್ಕೈದು ದಿನ ಮುಟ್ಟದೆ ಇಟ್ಟು ಆಮೇಲೆ ಓದುತ್ತಿದ್ದಳು. ನಿನ್ನೆ ಬರೆದದ್ದನ್ನು ಇವತ್ತು ಓದಿದರೆ ಎಲ್ಲಾ ಚೆನ್ನಾಗಿಯೇ ಕಾಣುತ್ತದೆ. ಓದಿ ಹೇಳುವವರು ಇಬ್ಬರಿದ್ದರೆ ಸಾಕು. ಮಾವ, ಅತ್ತೆ, ಅಮೆರಿಕದಲ್ಲಿರುವ ಕಸಿನ್ ಎಲ್ಲರಿಗೂ ಕಳಿಸಿದರೆ ಒಬ್ಬೊಬ್ಬರು ಒಂದೊಂದು ಹೇಳಿ, ಕೊನೆಗೆ ಅದು ಯಾರ ಪ್ರಬಂಧವೂ ಆಗಿರುವುದಿಲ್ಲ. ಬೇರೆಯವರಿಂದ ಬರೆಸುವುದು, ಎಐ ಹತ್ತಿರ ಬರೆಸಿ ತನ್ನದು ಅನ್ನುವುದು ಬೇಡವೇ ಬೇಡ. ಕಾಮನ್ ಆ್ಯಪ್ ನಿಯಮದಲ್ಲಿ ಅದು ವಂಚನೆ.

ಇನ್ನು ತಾರೀಕುಗಳು. ಬೇಗ ಹಾಕುವ ಅರ್ಜಿಗೆ ಬಹಳಷ್ಟು ಕಡೆ ನವೆಂಬರ್ 1 ಕೊನೆ ದಿನ. ನಮ್ಮ ರಾಜ್ಯೋತ್ಸವದ ದಿನವೇ! 2024ರಲ್ಲಿ ದೀಪಾವಳಿಯೂ ಅದೇ ವಾರ ಬಂದಿತ್ತು. ಮನೆ ತುಂಬಾ ನೆಂಟರು, ಹುಡುಗಿ ಒಳಗೆ ಲ್ಯಾಪ್‌ಟಾಪ್ ಮುಂದೆ. ಮಾಮೂಲಿ ಅರ್ಜಿಗೆ ಜನವರಿಯ ಮೊದಲ ವಾರ. ಕ್ಯಾಲಿಫೋರ್ನಿಯಾದ್ದು ಸಾಮಾನ್ಯವಾಗಿ ನವೆಂಬರ್ 30, ಅಲ್ಲಿನ ರಾತ್ರಿ 11.59. ನಮಗೆ ಅದು ಡಿಸೆಂಬರ್ 1ರ ಮಧ್ಯಾಹ್ನ 1.29.

ಒಂದು ಬಲೆ ಇದೆ, ಇದನ್ನು ಒತ್ತಿ ಹೇಳಬೇಕು. 'ಅರ್ಲಿ ಡಿಸಿಷನ್' ಅಂದರೆ ಒಂದೇ ಕಾಲೇಜಿಗೆ ಹಾಕಿ, ಸೀಟು ಸಿಕ್ಕರೆ ಸೇರುತ್ತೇನೆ ಅಂತ ಒಪ್ಪಿಕೊಳ್ಳುವುದು. (ಫೀಸು ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ.) ಅದರ ಫಲಿತಾಂಶ ಬರುವುದು ಡಿಸೆಂಬರ್ ಮಧ್ಯದಲ್ಲಿ. ಅಲ್ಲಿ ಸಿಕ್ಕೇ ಸಿಗುತ್ತದೆ ಅಂತ ಮಕ್ಕಳು ಉಳಿದ ಕಾಲೇಜುಗಳ ಪ್ರಬಂಧ ಮುಟ್ಟುವುದಿಲ್ಲ. ಸಿಗದಿದ್ದರೆ ಅಳು ಮುಗಿಸಿಕೊಂಡು ಹದಿನೈದು ದಿನದಲ್ಲಿ ಹತ್ತು ಬರಹ ಬರೆಯಬೇಕು. ಅದೇ ಹೊತ್ತಿಗೆ ಕಾಲೇಜಿನಲ್ಲಿ ಪ್ರಿಪರೇಟರಿಗೆ ತಯಾರಿ, ಜನವರಿಯಲ್ಲಿ ಜೆಇಇ ಮೇನ್. ನವೆಂಬರ್‌ನಲ್ಲೇ ಎಲ್ಲವನ್ನೂ ಬರೆದಿಡಲಿ. ಬೇಕಾಗದಿದ್ದರೆ ಒಳ್ಳೆಯದೇ, ನಷ್ಟವೇನೂ ಇಲ್ಲ.

ಹಾಗಾದರೆ ನಿಮ್ಮ ಮಗಳಿಗೆ: ಮೇ, ಜೂನ್‌ನಲ್ಲಿ ಪ್ರಬಂಧ ಅಂತ ಅಲ್ಲದೆ ಸುಮ್ನೆ ನೋಟ್‌ಬುಕ್‌ನಲ್ಲಿ ಗೀಚಲಿ. ಜುಲೈ, ಆಗಸ್ಟ್ ಮುಖ್ಯ ಪ್ರಬಂಧಕ್ಕೆ, ವಾರಕ್ಕೆ ಎರಡು ಮೂರು ಗಂಟೆ. ಸೆಪ್ಟೆಂಬರ್‌ನಿಂದ ಕಾಲೇಜುಗಳ ಪ್ರಶ್ನೆಗಳು, ವಾರಕ್ಕೊಂದೆರಡು. ಶಿಫಾರಸು ಪತ್ರಕ್ಕೆ ಲೆಕ್ಚರರ್ ಹತ್ತಿರ ಜುಲೈನಲ್ಲೇ ಕೇಳಿಡಿ. ಪಿಯು ಲೆಕ್ಚರರ್‌ಗಳಿಗೆ ಇದು ದಿನನಿತ್ಯದ ಕೆಲಸ ಅಲ್ಲ, ಅವರಿಗೂ ಸಮಯ ಬೇಕು.

ಬೇಗ ಹಾಕುವ ಅರ್ಜಿಯನ್ನು ಅಕ್ಟೋಬರ್ 25ಕ್ಕೆ ಕಳಿಸಿ ಮುಗಿಸಿ. ಮತ್ತೆ, ಅರ್ಜಿಯ ಫೀಸು ಕಟ್ಟುವುದು ಡಾಲರ್‌ನಲ್ಲಿ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶಿ ಪಾವತಿ ಮೊದಲಿಗೆ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ನಾವು ಇದನ್ನು ಕಂಡುಕೊಂಡಿದ್ದು ಅಕ್ಟೋಬರ್ 31ರ ರಾತ್ರಿ ಹನ್ನೊಂದೂವರೆಗೆ.